ತಂತಿಯಿಂದ ಮುದ್ರಿತ ಫಲಕಕ್ಕೆ: ಕರ್ನಾಟಕದಲ್ಲಿ ಆಂಟೆನಾ ಸಂಶೋಧನೆಯ ಚಾರಿತ್ರಿಕ ಹಿನ್ನೆಲೆ

ಕರ್ನಾಟಕದ ಆಧುನಿಕ ವಿಜ್ಞಾನ-ತಂತ್ರಜ್ಞಾನ ಚರಿತ್ರೆಯನ್ನು ನಿರೂಪಿಸುವಾಗ ಕಾರ್ಖಾನೆಗಳ ಸ್ಥಾಪನೆ, ಉಪಗ್ರಹಗಳ ಉಡಾವಣೆ ಹಾಗೂ ಸಾಫ್ಟ್‌ವೇರ್ ಉದ್ಯಮದ ಬೆಳವಣಿಗೆಗಳಿಗೆ ಪ್ರಾಶಸ್ತ್ಯ ದೊರೆತಿದೆ. ಈ ಮೂರಕ್ಕೂ ಅನಿವಾರ್ಯವಾದ, ಆದರೆ ಕಣ್ಣಿಗೆ ಬೀಳದ ಒಂದು ಉಪಕರಣದ ಚರಿತ್ರೆ ಮಾತ್ರ ಬಹುಮಟ್ಟಿಗೆ ಉಪೇಕ್ಷಿತವಾಗಿದೆ. ಅದು ಆಂಟೆನಾ. ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಆಕಾಶದ ಅಲೆಯನ್ನಾಗಿಯೂ, ಆಕಾಶದ ಅಲೆಯನ್ನು ಮತ್ತೆ ವಿದ್ಯುತ್ತನ್ನಾಗಿಯೂ ಪರಿವರ್ತಿಸುವ ಈ ಸಾಧನವಿಲ್ಲದೆ ನಿಸ್ತಂತು ಸಂಪರ್ಕವೇ ಇಲ್ಲ. ಮೈಸೂರಿನ ಬಾನುಲಿಯಿಂದ ಮೊದಲ್ಗೊಂಡು ಅಂಗೈಯಲ್ಲಿರುವ ದೂರವಾಣಿಯವರೆಗೆ ಆಂಟೆನಾದ ರೂಪ ಹಲವು ಬಾರಿ ಬದಲಾಗಿದೆ. ರೂಪ ಬದಲಾದಂತೆಲ್ಲ ಅದರ ಬಗ್ಗೆ ಸಂಶೋಧನೆ ನಡೆಸಬಲ್ಲ ಸ್ಥಳಗಳೂ ಬದಲಾಗಿವೆ.

ಸಾಂದ್ರ ಗಾತ್ರದ, ಹೆಚ್ಚು ಗಳಿಕೆಯ ಮುದ್ರಿತ ಆಂಟೆನಾಗಳ ವಿನ್ಯಾಸವು ಕರ್ನಾಟಕದಲ್ಲಿ ಯಾವ ಹಿನ್ನೆಲೆಯಿಂದ ಬೆಳೆದು ಬಂದಿತು ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ವಿವೇಚಿಸಲಾಗಿದೆ. ಬೆಂಗಳೂರಿನ ಕೆಲವೇ ಪ್ರಯೋಗಾಲಯಗಳಿಗೆ ಸೀಮಿತವಾಗಿದ್ದ ಸೂಕ್ಷ್ಮತರಂಗ ಸಂಶೋಧನೆ ಕಲಬುರಗಿಯಂತಹ ಜಿಲ್ಲಾ ಕೇಂದ್ರದ ವಿಶ್ವವಿದ್ಯಾಲಯಕ್ಕೆ ವಿಸ್ತರಿಸಲು ಮುದ್ರಿತ ಆಂಟೆನಾದ ತಯಾರಿಕಾ ವಿಧಾನವೇ ಮುಖ್ಯ ಕಾರಣವಾಯಿತು. ಆದರೆ ತಯಾರಿಕೆ ಸುಲಭವಾದಷ್ಟು ಮಾಪನ ಸುಲಭವಾಗಲಿಲ್ಲ. ಈ ಎರಡರ ನಡುವಿನ ಅಂತರವೇ ಈ ಸಂಶೋಧನಾ ಪರಂಪರೆಯ ಸ್ವರೂಪವನ್ನು ನಿರ್ಧರಿಸಿತು ಎಂಬುದು ಇಲ್ಲಿನ ಪ್ರತಿಪಾದನೆ.

ಗಾತ್ರ ಮತ್ತು ಗಳಿಕೆ

ಚರಿತ್ರೆಯನ್ನು ಪ್ರವೇಶಿಸುವ ಮುನ್ನ ಎರಡು ಪರಿಭಾಷೆಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಆಂಟೆನಾದ ‘ಗಳಿಕೆ’ ಎಂದರೆ ಅದು ಹೊಸದಾಗಿ ಉತ್ಪಾದಿಸುವ ಶಕ್ತಿಯಲ್ಲ. ತನಗೆ ಒದಗಿಸಿದ ಶಕ್ತಿಯನ್ನು ಎಲ್ಲ ದಿಕ್ಕುಗಳಿಗೂ ಸಮನಾಗಿ ಚೆಲ್ಲುವ ಬದಲು ಒಂದು ದಿಕ್ಕಿಗೆ ಎಷ್ಟು ಪಟ್ಟು ಹೆಚ್ಚಾಗಿ ಕಳುಹಿಸುತ್ತದೆ ಎಂಬುದರ ಅಳತೆಯೇ ಗಳಿಕೆ. ಕಾಲುವೆ ಕಟ್ಟಿ ನೀರನ್ನು ಒಂದೇ ಮಡಿಗೆ ಹಾಯಿಸಿದಂತೆ ಇದು. ನೀರು ಹೆಚ್ಚಾಗುವುದಿಲ್ಲ, ಆ ಮಡಿಗೆ ಸಿಗುವ ಪಾಲು ಹೆಚ್ಚಾಗುತ್ತದೆ. ಗಳಿಕೆಯನ್ನು ಡೆಸಿಬೆಲ್ ಎಂಬ ಮಾನದಲ್ಲಿ ಹೇಳುವುದು ರೂಢಿ. 3 ಡೆಸಿಬೆಲ್ ಎಂದರೆ ಸುಮಾರು ಎರಡು ಪಟ್ಟು, 10 ಡೆಸಿಬೆಲ್ ಎಂದರೆ ಹತ್ತು ಪಟ್ಟು.

ಆಂಟೆನಾದ ಗಾತ್ರವನ್ನು ಅಳೆಯುವ ನಿಜವಾದ ಅಳತೆಗೋಲು ಅದು ಬಳಸುವ ಅಲೆಯ ತರಂಗದೂರ. ಆವೃತ್ತಿ ಹೆಚ್ಚಾದಂತೆ ತರಂಗದೂರ ಕಡಿಮೆಯಾಗುತ್ತದೆ. 2.4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ತರಂಗದೂರ 12.5 ಸೆಂಟಿಮೀಟರ್. ಒಂದು ತರಂಗದೂರದಷ್ಟು ಉದ್ದ ಮತ್ತು ಅಗಲವಿರುವ ಚೌಕವು ಏಕರೂಪವಾಗಿ ಅಲೆಯನ್ನು ಹೊರಸೂಸಿದರೆ ಅದರಿಂದ ದೊರೆಯುವ ಗಳಿಕೆ ಸುಮಾರು 12.6 ಪಟ್ಟು, ಅಂದರೆ 11 ಡೆಸಿಬೆಲ್. ಗಳಿಕೆಯನ್ನು ಇಮ್ಮಡಿಗೊಳಿಸಬೇಕಾದರೆ ವಿಸ್ತೀರ್ಣವನ್ನೂ ಇಮ್ಮಡಿಗೊಳಿಸಬೇಕಾಗುತ್ತದೆ. ಇನ್ನೊಂದೆಡೆ, ಆಂಟೆನಾವನ್ನು ತರಂಗದೂರಕ್ಕಿಂತ ಬಹಳ ಚಿಕ್ಕದಾಗಿಸಿದರೆ ಅದು ಕೆಲಸ ಮಾಡುವ ಆವೃತ್ತಿ ಪಟ್ಟಿ ಕಿರಿದಾಗುತ್ತದೆ, ದಕ್ಷತೆಯೂ ಕುಗ್ಗುತ್ತದೆ. ಈ ಮಿತಿಯನ್ನು ಹೆರಾಲ್ಡ್ ವೀಲರ್ 1947ರಲ್ಲಿಯೂ, ಎಲ್. ಜೆ. ಚು 1948ರಲ್ಲಿಯೂ ಗಣಿತೀಯವಾಗಿ ನಿರೂಪಿಸಿದರು. ‘ಸಾಂದ್ರ ಗಾತ್ರ’ ಮತ್ತು ‘ಹೆಚ್ಚು ಗಳಿಕೆ’ ಎಂಬ ಎರಡು ಗುಣಗಳು ಪರಸ್ಪರ ವಿರುದ್ಧ ದಿಕ್ಕಿಗೆ ಎಳೆಯುತ್ತವೆ ಎಂಬುದು ಇದರಿಂದ ವಿದಿತವಾಗುತ್ತದೆ. ಇವೆರಡನ್ನೂ ಒಂದೇ ಫಲಕದಲ್ಲಿ ಹೊಂದಿಸುವ ಯತ್ನವೇ ಮುದ್ರಿತ ಆಂಟೆನಾ ವಿನ್ಯಾಸದ ತಿರುಳು.

ತಂತಿ ಮತ್ತು ಕಂಬಗಳ ಕಾಲ

ಕರ್ನಾಟಕದಲ್ಲಿ ನಿಸ್ತಂತು ಪ್ರಸಾರವು ಸರ್ಕಾರಿ ಯೋಜನೆಯಾಗಿ ಆರಂಭವಾಗಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ನಿವಾಸ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟ್ ಸಾಮರ್ಥ್ಯದ ಪ್ರೇಷಕದಿಂದ ಪ್ರಸಾರವನ್ನು ಆರಂಭಿಸಿದರು. ಈ ಖಾಸಗಿ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರನ್ನು 1950ರ ದಶಕದಲ್ಲಿ ಭಾರತದ ಬಾನುಲಿ ಸಂಸ್ಥೆಯೇ ಸ್ವೀಕರಿಸಿದ್ದು ಗಮನಾರ್ಹ ಸಂಗತಿ. ಮುಂದೆ ಕೇಂದ್ರವು ಮೈಸೂರು ಸಂಸ್ಥಾನದ ಆಡಳಿತಕ್ಕೆ ಒಳಪಟ್ಟು, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ಮಧ್ಯಮ ತರಂಗದ ಬಾನುಲಿಯಲ್ಲಿ ಆಂಟೆನಾದ ಗಾತ್ರ ಎಂಥದು ಎಂಬುದಕ್ಕೆ 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಕೇಂದ್ರ ಉತ್ತಮ ನಿದರ್ಶನ. ಅದರ ಪ್ರಸಾರದ ಆವೃತ್ತಿ 675 ಕಿಲೋಹರ್ಟ್ಸ್. ತರಂಗದೂರ ಸುಮಾರು 444 ಮೀಟರ್. ಅದರ ನಾಲ್ಕನೆಯ ಒಂದು ಭಾಗವೇ 111 ಮೀಟರ್ ಆಗುವುದರಿಂದ ಇಂತಹ ಪ್ರಸಾರಕ್ಕೆ ಎತ್ತರದ ಕಂಬವೇ ಆಂಟೆನಾ ಆಗಬೇಕಾಗುತ್ತದೆ. ಆದರೆ ಕೇಳುಗನ ಕಡೆಯ ಸ್ಥಿತಿ ಬೇರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಭತ್ತ-ಅಡಕೆಯ ಸೀಮೆಯಲ್ಲಾಗಲಿ, ಜಗಳೂರು ತಾಲ್ಲೂಕಿನ ಸೊಕ್ಕೆಯಂತಹ ಒಣಭೂಮಿಯ ಗ್ರಾಮದಲ್ಲಾಗಲಿ ಟ್ರಾನ್ಸಿಸ್ಟರ್ ಪೆಟ್ಟಿಗೆಯೊಳಗಿನ ಬೆರಳುದ್ದದ ಫೆರೈಟ್ ಕಡ್ಡಿಯೇ ಸಾಕಾಗಿತ್ತು. ಮಧ್ಯಮ ತರಂಗದಲ್ಲಿ ವಾತಾವರಣದ ಗೊಂದಲ ಸದ್ದೇ ಗ್ರಾಹಕದ ಸ್ವಂತ ಸದ್ದಿಗಿಂತ ಹೆಚ್ಚಾಗಿರುವುದರಿಂದ ಆಂಟೆನಾದ ದಕ್ಷತೆ ಕುಗ್ಗಿದರೂ ಸಂಕೇತ ಮತ್ತು ಸದ್ದು ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ, ಕೇಳುಗನಿಗೆ ನಷ್ಟವಾಗುವುದಿಲ್ಲ. ಗಾತ್ರದ ಭಾರವನ್ನೆಲ್ಲ ಪ್ರಸಾರ ಕೇಂದ್ರವೇ ಹೊತ್ತುಕೊಂಡಿದ್ದ ಕಾಲ ಅದು.

ದೂರದರ್ಶನದ ಆಗಮನದಿಂದ ಈ ವ್ಯವಸ್ಥೆ ತಲೆಕೆಳಗಾಯಿತು. ಬೆಂಗಳೂರು ದೂರದರ್ಶನ ಕೇಂದ್ರವು 1981ರಲ್ಲಿ ಆರಂಭಗೊಂಡ ನಂತರ ನಗರದಿಂದ ದೂರವಿದ್ದ ಮನೆಗಳ ಮಾಳಿಗೆಗಳ ಮೇಲೆ ಅಲ್ಯುಮಿನಿಯಂ ಕಡ್ಡಿಗಳ ಆಂಟೆನಾ ಎದ್ದು ನಿಂತಿತು. ಜಪಾನಿನ ಷಿಂತಾರೊ ಉಡಾ ಮತ್ತು ಹಿಡೆತ್ಸುಗು ಯಾಗಿ 1926ರಲ್ಲಿ ಪ್ರಕಟಪಡಿಸಿದ ವಿನ್ಯಾಸವದು. ದೂರ ಹೆಚ್ಚಾದಂತೆ ಕಡ್ಡಿಗಳ ಸಂಖ್ಯೆಯನ್ನೂ ಕೊಳವೆಯ ಎತ್ತರವನ್ನೂ ಹೆಚ್ಚಿಸಬೇಕಿತ್ತು. ‘ಗಳಿಕೆ’ ಎಂಬ ಪದವನ್ನು ಕೇಳದ ಗೃಹಸ್ಥನೂ ಅದರ ಅವಶ್ಯಕತೆಯನ್ನು ಮಾಳಿಗೆಯ ಮೇಲೆ ನಿಂತು ಕೊಳವೆ ತಿರುಗಿಸುತ್ತ ಅರಿತುಕೊಂಡನು.

ಭಾರತೀಯ ವಿಜ್ಞಾನ ಸಂಸ್ಥೆಯ ಪರಂಪರೆ

ಆಂಟೆನಾ ಕುರಿತ ಶಾಸ್ತ್ರೀಯ ಸಂಶೋಧನೆಗೆ ಕರ್ನಾಟಕದಲ್ಲಿ ನೆಲೆ ಒದಗಿಸಿದ್ದು 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ ವಿದ್ಯುತ್ ಸಂಪರ್ಕ ಇಂಜಿನಿಯರಿಂಗ್ 1946ರಲ್ಲಿ ಪ್ರತ್ಯೇಕ ವಿಭಾಗವಾಯಿತು. ಈ ವಿಭಾಗದ ಸೂಕ್ಷ್ಮತರಂಗ ಪರಂಪರೆಯಲ್ಲಿ ಪ್ರೊ. ರಾಜೇಶ್ವರಿ ಚಟರ್ಜಿಯವರದು ಅಗ್ರಗಣ್ಯ ಹೆಸರು.

1922ರಲ್ಲಿ ಜನಿಸಿದ ರಾಜೇಶ್ವರಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದು 1943ರಲ್ಲಿ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಆರಂಭಕಾಲದ ಮಹಿಳಾ ಪದವೀಧರರಲ್ಲಿ ಒಬ್ಬರು. ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ರಾಜೇಶ್ವರಿಯವರು 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ತೆರಳಿ, ಸ್ನಾತಕೋತ್ತರ ಪದವಿಯ ತರುವಾಯ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರೇಡಿಯೋ ಆವೃತ್ತಿಯ ಮಾಪನ ವಿಭಾಗದಲ್ಲಿ ಎಂಟು ತಿಂಗಳ ತರಬೇತಿ ಹೊಂದಿದರು. ಪಿಎಚ್.ಡಿ. ಮುಗಿಸಿ 1953ರಲ್ಲಿ ಮರಳಿ ಬಂದು ಅಧ್ಯಾಪಕರಾದರು. ಪತಿ ಪ್ರೊ. ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಅವರು ಕಟ್ಟಿದ ಸೂಕ್ಷ್ಮತರಂಗ ಪ್ರಯೋಗಾಲಯವು ದೇಶದಲ್ಲಿಯೇ ಈ ಬಗೆಯ ಮೊದಲ ಪ್ರಯತ್ನಗಳಲ್ಲಿ ಗಣನೀಯವಾದುದು. ಇಪ್ಪತ್ತು ಮಂದಿ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು, ನೂರಕ್ಕೂ ಹೆಚ್ಚು ಸಂಶೋಧನಾ ಲೇಖನಗಳು ಅವರ ಹೆಸರಿನಲ್ಲಿವೆ. 1982ರಲ್ಲಿ ನಿವೃತ್ತರಾದ ಅವರು 2010ರಲ್ಲಿ ನಿಧನರಾದರು.

ಮಾಪನದ ತರಬೇತಿಯನ್ನು ಪಡೆದವರೇ ಪ್ರಯೋಗಾಲಯವನ್ನು ಕಟ್ಟಿದರು ಎಂಬುದು ಈ ಪರಂಪರೆಯನ್ನು ಅರ್ಥೈಸುವಲ್ಲಿ ಮುಖ್ಯವಾದ ಅಂಶ. ಸೂಕ್ಷ್ಮತರಂಗಗಳನ್ನು ಅಂದು ಸಾಗಿಸುತ್ತಿದ್ದುದು ವೇವ್‌ಗೈಡ್ ಎಂಬ ನಿಖರ ಅಳತೆಯ ಲೋಹದ ಕೊಳವೆಗಳಲ್ಲಿ. ಅವುಗಳನ್ನು ತಯಾರಿಸಲು ಒಳ್ಳೆಯ ಯಂತ್ರಾಗಾರ ಬೇಕು, ಅಲೆಯನ್ನು ಉತ್ಪಾದಿಸಲು ಕ್ಲೈಸ್ಟ್ರಾನ್ ಕೊಳವೆ ಬೇಕು, ಅಳೆಯಲು ಸೀಳು ಹಾಕಿದ ವೇವ್‌ಗೈಡ್ ಬೇಕು. ಹೀಗಾಗಿ ಈ ಕ್ಷೇತ್ರದಲ್ಲಿ ಕೆಲಸ ಮಾಡಬೇಕಾದವರು ಇಂತಹ ಸೌಲಭ್ಯಗಳಿದ್ದಲ್ಲಿಗೇ ಹೋಗಬೇಕಿತ್ತು. ಭಾರತ್ ಇಲೆಕ್ಟ್ರಾನಿಕ್ಸ್ (1954), ರಕ್ಷಣಾ ಇಲಾಖೆಯ ರೇಡಾರ್ ಸಂಶೋಧನಾ ಸಂಸ್ಥೆ, 1970ರ ದಶಕದಲ್ಲಿ ಉಪಗ್ರಹ ಕೇಂದ್ರ ಇವೆಲ್ಲವೂ ಬೆಂಗಳೂರಿನಲ್ಲಿಯೇ ನೆಲೆಗೊಂಡದ್ದು ಈ ಏಕಕೇಂದ್ರಿತ ಪ್ರವೃತ್ತಿಯನ್ನು ಮತ್ತಷ್ಟು ಬಲಪಡಿಸಿತು.

ರಾಜೇಶ್ವರಿ ಚಟರ್ಜಿಯವರು ಅವಾಹಕ ವಸ್ತುಗಳ ಆಂಟೆನಾಗಳನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ರಚಿಸಿದ್ದಾರೆ. ಪ್ಲಾಸ್ಟಿಕ್‌ನಂತಹ ಅವಾಹಕದ ಕಡ್ಡಿಯ ಮೇಲ್ಮೈಗೆ ಅಂಟಿಕೊಂಡು ಸಾಗುವ ಅಲೆಯನ್ನು ಕಡ್ಡಿಯ ತುದಿಯಿಂದ ಹೊರಸೂಸುವುದು ಈ ಆಂಟೆನಾಗಳ ತತ್ತ್ವ. ಮುದ್ರಿತ ಆಂಟೆನಾಗಳೊಂದಿಗೆ ಇದಕ್ಕೆ ಆಂತರಿಕ ಸಂಬಂಧವಿದೆ. ಮುದ್ರಿತ ಆಂಟೆನಾದಲ್ಲಿಯೂ ತಾಮ್ರದ ಪಟ್ಟಿಯ ಕೆಳಗೆ ಅವಾಹಕದ ಪದರವಿರುತ್ತದೆ. ಅದನ್ನು ದಪ್ಪಗೊಳಿಸಿದಂತೆ ಅದೇ ಮೇಲ್ಮೈ ಅಲೆ ತಲೆಯೆತ್ತುತ್ತದೆ. ಕಡ್ಡಿ ಆಂಟೆನಾದಲ್ಲಿ ಉಪಯುಕ್ತವಾಗಿದ್ದ ಅಲೆ ಇಲ್ಲಿ ಗಳಿಕೆಯನ್ನು ಕಬಳಿಸುವ ದೋಷವಾಗುತ್ತದೆ. ಒಂದರ ಶಾಸ್ತ್ರವನ್ನು ಬಲ್ಲವರಿಗೆ ಇನ್ನೊಂದರ ಸಮಸ್ಯೆ ಅಪರಿಚಿತವಲ್ಲ.

ತಂತಿಬಲೆಯ ತಟ್ಟೆ ಮತ್ತು ಸಾವಿರ ದ್ವಿಧ್ರುವಗಳು

ಎಪ್ಪತ್ತರ ದಶಕದ ಎರಡು ಪ್ರಯೋಗಗಳು ಬೃಹತ್ ಗಾತ್ರದಿಂದ ಗಳಿಕೆಯನ್ನು ಪಡೆಯುವ ಮಾರ್ಗಕ್ಕೆ ಸಾಕ್ಷಿಯಾಗಿವೆ. ಮೊದಲನೆಯದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಗ್ರಾಮಗಳು ಇದಕ್ಕೆ ಆಯ್ಕೆಯಾಗಿದ್ದವು. 860 ಮೆಗಾಹರ್ಟ್ಸ್ ಆವೃತ್ತಿಯ ದುರ್ಬಲ ಸಂಕೇತವನ್ನು ಹಿಡಿಯಲು ಸುಮಾರು 3 ಮೀಟರ್ ವ್ಯಾಸದ ತಟ್ಟೆಯಾಕಾರದ ಆಂಟೆನಾವನ್ನು ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದಲೇ ನಿರ್ಮಿಸಲಾಗಿತ್ತು. ಆ ಆವೃತ್ತಿಯಲ್ಲಿ ತರಂಗದೂರ ಸುಮಾರು 35 ಸೆಂಟಿಮೀಟರ್ ಆಗಿರುವುದರಿಂದ ಬಲೆಯ ಸಣ್ಣ ಕಣ್ಣುಗಳು ಅಲೆಗೆ ತೂತುಗಳೆನಿಸುವುದಿಲ್ಲ. ಸುಲಭವಾಗಿ ದೊರೆಯುವ ವಸ್ತುವಿನಿಂದ ಆಂಟೆನಾ ತಯಾರಿಸಬಹುದೆಂಬ ಪಾಠವನ್ನು ಹೈದರಾಬಾದ್ ಕರ್ನಾಟಕದ ಹಳ್ಳಿಗಳು ಅಂದೇ ಕಂಡಿದ್ದವು.

ಎರಡನೆಯದು 1976ರಲ್ಲಿ ಕಾರ್ಯಾರಂಭ ಮಾಡಿದ ಗೌರಿಬಿದನೂರಿನ ರೇಡಿಯೋ ದೂರದರ್ಶಕ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತವಿಜ್ಞಾನ ಸಂಸ್ಥೆಗಳು ಜಂಟಿಯಾಗಿ ರೂಪಿಸಿದ ಈ ವ್ಯವಸ್ಥೆಯಲ್ಲಿ ಸಾವಿರ ದ್ವಿಧ್ರುವ ಆಂಟೆನಾಗಳನ್ನು ಆಂಗ್ಲ ‘ಟಿ’ ಅಕ್ಷರದ ಆಕಾರದಲ್ಲಿ ಜೋಡಿಸಲಾಗಿತ್ತು. 34.5 ಮೆಗಾಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 8.7 ಮೀಟರ್ ಇರುವುದರಿಂದ ಪೂರ್ವ-ಪಶ್ಚಿಮ ಬಾಹುವಿನ ಉದ್ದ 1.4 ಕಿಲೋಮೀಟರಿನಷ್ಟಾಯಿತು. ಚಿಕ್ಕ ಘಟಕಗಳನ್ನು ಕ್ರಮಬದ್ಧವಾಗಿ ಜೋಡಿಸಿ, ಅವುಗಳ ಸಂಕೇತಗಳನ್ನು ತಾಳಬದ್ಧವಾಗಿ ಕೂಡಿಸಿದರೆ ಒಂದು ಬೃಹತ್ ಆಂಟೆನಾದ ಫಲ ದೊರೆಯುತ್ತದೆ. ಗೌರಿಬಿದನೂರಿನ ಬಯಲಿನಲ್ಲಿ ಕಿಲೋಮೀಟರುಗಳಲ್ಲಿ ಹರಡಿದ್ದ ಈ ‘ಸರಣಿ’ ತತ್ತ್ವವೇ ಮುದ್ರಿತ ಆಂಟೆನಾದಲ್ಲಿ ಅಂಗೈಯಗಲಕ್ಕೆ ಇಳಿದು ಬಂದಿತು.

ಮುದ್ರಿತ ಆಂಟೆನಾದ ಉಗಮ

ವಿದ್ಯುನ್ಮಂಡಲಗಳನ್ನು ಹಲಗೆಯ ಮೇಲೆ ಮುದ್ರಿಸುವ ವಿಧಾನದಿಂದಲೇ ಆಂಟೆನಾವನ್ನೂ ರಚಿಸಬಹುದೆಂಬ ವಿಚಾರವನ್ನು 1953ರಲ್ಲಿ ಜಾರ್ಜಸ್ ದೆಶಾಂಪ್ ಅಮೆರಿಕದಲ್ಲಿ ಮಂಡಿಸಿದರು. 1955ರಲ್ಲಿ ಫ್ರಾನ್ಸಿನಲ್ಲಿ ಗುತೋಂ ಮತ್ತು ಬೈಸಿನೋ ಇದೇ ಬಗೆಯ ರಚನೆಗೆ ಪೇಟೆಂಟ್ ಪಡೆದರು. ಆದರೆ ಕಡಿಮೆ ನಷ್ಟದ ಅವಾಹಕ ಹಲಗೆಗಳು ಲಭ್ಯವಾಗುವವರೆಗೆ, ಅಂದರೆ ಸುಮಾರು ಎರಡು ದಶಕಗಳ ಕಾಲ, ಈ ವಿಚಾರ ಹಾಗೆಯೇ ಉಳಿಯಿತು. 1970ರ ದಶಕದ ಮೊದಲ ಭಾಗದಲ್ಲಿ ಹೋವೆಲ್ ಮತ್ತು ಮನ್ಸನ್ ಕಾರ್ಯಯೋಗ್ಯ ಆಂಟೆನಾಗಳನ್ನು ರೂಪಿಸಿದರು. ವಿಮಾನ, ಕ್ಷಿಪಣಿಗಳ ಮೈಗೆ ಅಂಟಿಕೊಂಡಂತಿರುವ ಚಪ್ಪಟೆ ಆಂಟೆನಾದ ಅವಶ್ಯಕತೆ ಇದಕ್ಕೆ ಪ್ರೇರಣೆಯಾಯಿತು. 1979ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಜರುಗಿದ ಕಾರ್ಯಾಗಾರ ಮತ್ತು 1981ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಪತ್ರಿಕೆಯ ವಿಶೇಷ ಸಂಚಿಕೆಯಿಂದಾಗಿ ಇದೊಂದು ಸ್ವತಂತ್ರ ಅಧ್ಯಯನ ಶಾಖೆಯಾಗಿ ರೂಪುಗೊಂಡಿತು. ಈ ವಿಷಯದ ಆರಂಭದ ಪ್ರಮುಖ ಗ್ರಂಥವನ್ನು 1980ರಲ್ಲಿ ಹೊರತಂದವರಲ್ಲಿ ಭಾರತೀಯ ಮೂಲದ ಇಂದರ್ ಬಾಹ್ಲ್ ಮತ್ತು ಪ್ರಕಾಶ್ ಭಾರ್ತಿಯಾ ಇದ್ದರು.

ಈ ಆಂಟೆನಾದ ರಚನೆ ಅತ್ಯಂತ ಸರಳ. ಅವಾಹಕ ಹಲಗೆಯ ಒಂದು ಬದಿಗೆ ಪೂರ್ತಿ ತಾಮ್ರದ ಹೊದಿಕೆ, ಇನ್ನೊಂದು ಬದಿಗೆ ಆಯತಾಕಾರದ ತಾಮ್ರದ ತುಂಡು. ತುಂಡಿನ ಉದ್ದ ಅವಾಹಕದೊಳಗಿನ ತರಂಗದೂರದ ಅರ್ಧದಷ್ಟಿದ್ದಾಗ ಅದು ಅನುರಣಿಸಿ, ಎರಡು ಅಂಚುಗಳಿಂದ ಅಲೆ ಹೊರಹೊಮ್ಮುತ್ತದೆ. ಸಾಮಾನ್ಯ ಗ್ಲಾಸ್ ಎಪಾಕ್ಸಿ ಹಲಗೆಯ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 4.4. ಅದರ ಮೇಲೆ 2.4 ಗಿಗಾಹರ್ಟ್ಸ್‌ಗೆ ಬೇಕಾದ ತುಂಡಿನ ಉದ್ದ ಸುಮಾರು 29 ಮಿಲಿಮೀಟರ್. ಗಾಳಿಯನ್ನೇ ಅವಾಹಕವಾಗಿಸಿಕೊಂಡರೆ ಇದರ ಎರಡು ಪಟ್ಟು ಉದ್ದ ಬೇಕಾಗುತ್ತದೆ. ಆದರೆ ಹಲಗೆಯು ಗಾತ್ರವನ್ನು ಕುಗ್ಗಿಸುವುದರ ಜೊತೆಗೆ ಶಕ್ತಿಯ ಒಂದು ಭಾಗವನ್ನು ಶಾಖವಾಗಿ ಹೀರಿಕೊಳ್ಳುತ್ತದೆ, ಆವೃತ್ತಿ ಪಟ್ಟಿಯನ್ನು ಶೇಕಡಾ ಕೆಲವೇ ಅಂಶಗಳಿಗೆ ಸೀಮಿತಗೊಳಿಸುತ್ತದೆ. ಗಾತ್ರದಲ್ಲಿ ಉಳಿಸಿದ್ದನ್ನು ಗಳಿಕೆಯಲ್ಲಿ ತೆರಬೇಕಾಗುತ್ತದೆ.

ಈ ಕೊರತೆಗಳನ್ನು ನೀಗಿಸಲು ವಿನ್ಯಾಸಕಾರರು ಹಲವು ಮಾರ್ಗಗಳನ್ನು ಅನುಸರಿಸಿದ್ದಾರೆ. ತಾಮ್ರದ ತುಂಡಿನಲ್ಲಿ ಸೀಳುಗಳನ್ನು ಕತ್ತರಿಸಿದರೆ ವಿದ್ಯುತ್ ಸುತ್ತಿ ಬಳಸಿ ಹರಿಯಬೇಕಾಗುವುದರಿಂದ ಚಿಕ್ಕ ತುಂಡೇ ದೊಡ್ಡದರಂತೆ ವರ್ತಿಸುತ್ತದೆ. ತುಂಡಿನ ನಡುವೆ ನೆಲದ ಪದರಕ್ಕೆ ಬೆಸುಗೆ ಹಾಕಿದರೆ ಅರ್ಧ ಉದ್ದವೇ ಸಾಕಾಗುತ್ತದೆ. ಪಕ್ಕದಲ್ಲಿ ಸಂಪರ್ಕವಿಲ್ಲದ ಇನ್ನೊಂದು ತುಂಡನ್ನಿಟ್ಟರೆ ಆವೃತ್ತಿ ಪಟ್ಟಿ ಹಿಗ್ಗುತ್ತದೆ. ಹಲವು ತುಂಡುಗಳನ್ನು ಸರಣಿಯಾಗಿ ಜೋಡಿಸಿದರೆ ಗಳಿಕೆ ಏರುತ್ತದೆ. ಒಂದರ ಬದಲು ನಾಲ್ಕು ತುಂಡುಗಳಿದ್ದರೆ ಗರಿಷ್ಠ 6 ಡೆಸಿಬೆಲ್, ಹದಿನಾರಿದ್ದರೆ ಗರಿಷ್ಠ 12 ಡೆಸಿಬೆಲ್ ಹೆಚ್ಚಳ ನಿರೀಕ್ಷಿಸಬಹುದು. ವಾಸ್ತವವಾಗಿ ತುಂಡುಗಳಿಗೆ ಶಕ್ತಿಯನ್ನು ಹಂಚುವ ತಾಮ್ರದ ಗೆರೆಗಳಲ್ಲಿಯೇ ಅದರ ಒಂದಂಶ ಸೋರಿಹೋಗುತ್ತದೆ.

ಕಲಬುರಗಿಯ ಪ್ರಯೋಗಗಳು

1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ವಿಶ್ವವಿದ್ಯಾಲಯದ ಅನ್ವಯಿಕ ಇಲೆಕ್ಟ್ರಾನಿಕ್ಸ್ ವಿಭಾಗವು ಮುದ್ರಿತ ಆಂಟೆನಾ ಸಂಶೋಧನೆಯಲ್ಲಿ ತೊಡಗಿದ್ದು ಈ ಚರಿತ್ರೆಯ ಮಹತ್ವದ ತಿರುವು. ಪಿ. ವಿ. ಹುನಗುಂದ, ಎಸ್. ಎನ್. ಮುಲ್ಗಿ, ಪಿ. ಎಂ. ಹಡಲಗಿ, ಆರ್. ಎಂ. ವಾಣಿ ಮೊದಲಾದ ಸಂಶೋಧಕರು ತಮ್ಮ ವಿದ್ಯಾರ್ಥಿಗಳೊಡನೆ 2000ದ ದಶಕದಿಂದ ಪ್ರಕಟಿಸಿದ ಲೇಖನಗಳಲ್ಲಿ ಸೀಳು ಹಾಕಿದ ಆಯತಾಕಾರದ ಆಂಟೆನಾ, ಅಂತರದ ಮೂಲಕ ಜೋಡಿಸಿದ ಆಂಟೆನಾ, ರಂಧ್ರದ ಮೂಲಕ ಶಕ್ತಿಯೂಡುವ ಸರಣಿ ಮುಂತಾದ ವಿನ್ಯಾಸಗಳು ಕಂಡುಬರುತ್ತವೆ. ಭಾರತದ ರೇಡಿಯೋ ಮತ್ತು ಬಾಹ್ಯಾಕಾಶ ಭೌತವಿಜ್ಞಾನ ಪತ್ರಿಕೆಯೂ ಸೇರಿದಂತೆ ಹಲವೆಡೆ ಅವು ಪ್ರಕಟಗೊಂಡಿವೆ. ಕೇರಳದ ಕೊಚ್ಚಿ ವಿಶ್ವವಿದ್ಯಾಲಯದಲ್ಲಿಯೂ ಸಾಂದ್ರ ಗಾತ್ರದ ಮುದ್ರಿತ ಆಂಟೆನಾಗಳ ಪ್ರಬಲ ಪರಂಪರೆ ಬೆಳೆದಿರುವುದು ಈ ಸಂದರ್ಭದಲ್ಲಿ ಉಲ್ಲೇಖನೀಯ. ಮಹಾನಗರಗಳ ಉನ್ನತ ಸಂಸ್ಥೆಗಳಾಚೆಗೆ ಈ ವಿದ್ಯೆ ಹರಡಿದ್ದು ಕರ್ನಾಟಕಕ್ಕಷ್ಟೇ ಸೀಮಿತವಾದ ವಿದ್ಯಮಾನವಲ್ಲ.

ಇದು ಸಾಧ್ಯವಾದದ್ದಕ್ಕೆ ತಯಾರಿಕೆಯ ವಿಧಾನವನ್ನು ಗಮನಿಸಬೇಕು. ತಾಮ್ರದ ಹೊದಿಕೆಯ ಗ್ಲಾಸ್ ಎಪಾಕ್ಸಿ ಹಲಗೆ ಇಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದೊರೆಯುವ ವಸ್ತು. ವಿನ್ಯಾಸವನ್ನು ಛಾಯಾಚಿತ್ರ ವಿಧಾನದಿಂದ ಹಲಗೆಗೆ ಇಳಿಸಿ, ಬೇಡವಾದ ತಾಮ್ರವನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕರಗಿಸಿ, ಕನೆಕ್ಟರನ್ನು ಬೆಸುಗೆ ಹಾಕಿದರೆ ಆಂಟೆನಾ ಸಿದ್ಧ. ಯಂತ್ರಾಗಾರ ಬೇಡ, ನುರಿತ ಲೋಹಗೆಲಸಗಾರ ಬೇಡ. ಐಇ3ಡಿ, ಎಚ್‌ಎಫ್‌ಎಸ್‌ಎಸ್‌ಗಳಂತಹ ಗಣಕ ತಂತ್ರಾಂಶಗಳು ಬಂದ ನಂತರ ಹಲಗೆಯನ್ನು ಕೊರೆಯುವ ಮುನ್ನವೇ ವಿನ್ಯಾಸದ ವರ್ತನೆಯನ್ನು ಊಹಿಸುವುದೂ ಸಾಧ್ಯವಾಯಿತು. ವೇವ್‌ಗೈಡ್ ಯುಗದಲ್ಲಿ ಬಹು ವೆಚ್ಚದ ಪ್ರಯೋಗಾಲಯ ಬೇಡುತ್ತಿದ್ದ ವಿದ್ಯೆ ಸ್ನಾತಕೋತ್ತರ ವಿಭಾಗವೊಂದರ ಆಯವ್ಯಯಕ್ಕೆ ನಿಲುಕಿತು.

ಮಾಪನದ ಪ್ರಶ್ನೆ ಮಾತ್ರ ಬೇರೆ. ಆಂಟೆನಾ ಯಾವ ಆವೃತ್ತಿಯಲ್ಲಿ ಶಕ್ತಿಯನ್ನು ಸ್ವೀಕರಿಸುತ್ತದೆ ಎಂಬುದನ್ನು ನೆಟ್‌ವರ್ಕ್ ಅನಲೈಸರ್ ಎಂಬ ಉಪಕರಣವೊಂದರಿಂದ ಮೇಜಿನ ಮೇಲೆಯೇ ತಿಳಿಯಬಹುದು. ಉಪಕರಣ ದುಬಾರಿಯಾದರೂ ಅದು ಒಮ್ಮೆ ಬಂದರೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ. ಗಳಿಕೆಯನ್ನು ಅಳೆಯಲು ಇಷ್ಟು ಸಾಲದು. ಆಂಟೆನಾದಿಂದ ನಿರ್ದಿಷ್ಟ ದೂರದಲ್ಲಿ, ಪ್ರತಿಫಲನಗಳಿಲ್ಲದ ವಾತಾವರಣದಲ್ಲಿ, ಗಳಿಕೆ ಗೊತ್ತಿರುವ ಇನ್ನೊಂದು ಆಂಟೆನಾದೊಡನೆ ಹೋಲಿಸಬೇಕಾಗುತ್ತದೆ. ಈ ದೂರವು ಆಂಟೆನಾದ ಅಗಲದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 9.4 ಗಿಗಾಹರ್ಟ್ಸ್‌ನಲ್ಲಿ 5 ಸೆಂಟಿಮೀಟರ್ ಅಗಲದ ಆಂಟೆನಾಕ್ಕೆ ಈ ಲೆಕ್ಕದ ಕನಿಷ್ಠ ದೂರ ಸುಮಾರು 16 ಸೆಂಟಿಮೀಟರ್. ತಕ್ಕ ಎಚ್ಚರ ವಹಿಸಿದರೆ ಮೇಜಿನ ಮೇಲೆಯೇ ಅಳೆಯಬಹುದು. ಗಳಿಕೆಗಾಗಿ ಸರಣಿಯನ್ನು 30 ಸೆಂಟಿಮೀಟರಿಗೆ ವಿಸ್ತರಿಸಿದರೆ ದೂರ ಸುಮಾರು 5.6 ಮೀಟರ್ ಆಗುತ್ತದೆ. ಅದಕ್ಕೆ ಅಲೆಯನ್ನು ಹೀರುವ ಗೋಡೆಗಳುಳ್ಳ ಪ್ರತ್ಯೇಕ ಕೊಠಡಿಯೇ ಬೇಕು.

ಜಿಲ್ಲಾ ಕೇಂದ್ರಗಳ ವಿಶ್ವವಿದ್ಯಾಲಯಗಳಲ್ಲಿ ಹಾಗೂ 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಚಿಕ್ಕ ಆಂಟೆನಾಗಳಿಗೆ ಹಾಗೂ ಆವೃತ್ತಿ ಪಟ್ಟಿಯ ವಿಸ್ತರಣೆಗೆ ಒತ್ತು ಬೀಳುವುದಕ್ಕೆ ಈ ಭೌತಿಕ ಪರಿಸ್ಥಿತಿಯೂ ಒಂದು ಕಾರಣವೆಂದು ತರ್ಕಿಸಬಹುದಾಗಿದೆ. ಇದನ್ನು ಕೇವಲ ಸಂಶೋಧಕರ ಅಭಿರುಚಿಯೆಂದು ಭಾವಿಸುವುದು ಸರಿಯಾಗಲಾರದು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತ ಸರ್ಕಾರವು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದ್ದು, ಅಲ್ಪ ದೂರದ ನಿಸ್ತಂತು ಜಾಲಗಳು ವ್ಯಾಪಕವಾದದ್ದು ಚಿಕ್ಕ ಆಂಟೆನಾಗಳ ಮೇಲಿನ ಆಸಕ್ತಿಯನ್ನು ಇಮ್ಮಡಿಗೊಳಿಸಿತು. ಇದೇ ಕಾಲದಲ್ಲಿ ವಿಜ್ಞಾನ ಸಂಸ್ಥೆಯಲ್ಲಿಯೂ ಗಾತ್ರ ಕುಗ್ಗಿಸುವ ಹೊಸ ಬಗೆಗಳತ್ತ ಗಮನ ಹರಿಯಿತು. ಅಲ್ಲಿನ ಪ್ರೊ. ಕೆ. ಜೆ. ವಿನೋಯ್ ಅವರು ಅದಕ್ಕೂ ಮುನ್ನ ಅಮೆರಿಕದಲ್ಲಿದ್ದಾಗ, ತನ್ನೊಳಗೆ ತಾನೇ ಮಡಿಚಿಕೊಂಡು ಹೋಗುವ ಹಿಲ್ಬರ್ಟ್ ವಕ್ರರೇಖೆಯ ಆಂಟೆನಾಗಳನ್ನು ಕುರಿತು ಸಹಸಂಶೋಧಕರೊಡನೆ 2001ರಲ್ಲಿ ಪ್ರಕಟಿಸಿದ ಕಾರ್ಯ ಈ ದಿಸೆಯಲ್ಲಿ ಗಮನ ಸೆಳೆದಿದೆ.

ಉಪಗ್ರಹದ ಫಲಕ, ಬ್ಯಾಲಾಳಿನ ತಟ್ಟೆ

ಮುದ್ರಿತ ಆಂಟೆನಾದಿಂದ ದೊರೆಯಬಹುದಾದ ಗಳಿಕೆಯ ಮೇಲಿನ ತುದಿಯನ್ನು ಬಾಹ್ಯಾಕಾಶ ಕಾರ್ಯಕ್ರಮದಲ್ಲಿ ಕಾಣಬಹುದು. 2012ರ ಏಪ್ರಿಲ್ 26ರಂದು ಉಡಾವಣೆಗೊಂಡ ರಿಸ್ಯಾಟ್-1 ರೇಡಾರ್ ಉಪಗ್ರಹವು 5.35 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, 6 ಮೀಟರ್ ಉದ್ದ ಮತ್ತು 2 ಮೀಟರ್ ಅಗಲದ ಮುದ್ರಿತ ಆಂಟೆನಾ ಸರಣಿಯನ್ನು ಹೊಂದಿತ್ತು. ಅದರ ರೇಡಾರ್ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಕೊಡುಗೆ. ಉಪಗ್ರಹವು ರೂಪುಗೊಂಡದ್ದು ಬೆಂಗಳೂರಿನಲ್ಲಿ. ಅಷ್ಟು ವಿಸ್ತೀರ್ಣದಿಂದ ಸೈದ್ಧಾಂತಿಕವಾಗಿ ದೊರೆಯಬಹುದಾದ ಗಳಿಕೆ ಸುಮಾರು 48,000 ಪಟ್ಟು. ಮೇಲೆ ಹೇಳಿದ ಸೂತ್ರದಂತೆ ಅದನ್ನು ನೇರವಾಗಿ ಅಳೆಯಲು ಸುಮಾರು 1.3 ಕಿಲೋಮೀಟರ್ ದೂರ ಬೇಕಾಗುತ್ತದೆ. ಈ ಕಾರಣದಿಂದಲೇ ಇಂತಹ ದೊಡ್ಡ ಆಂಟೆನಾಗಳ ಸಮೀಪದಲ್ಲಿಯೇ ಅಲೆಯನ್ನು ಬಿಂದುಬಿಂದುವಾಗಿ ಅಳೆದು, ದೂರದ ವರ್ತನೆಯನ್ನು ಗಣಿತದಿಂದ ಪಡೆಯುವ ವಿಧಾನ ರೂಢಿಗೆ ಬಂದಿದೆ. ಕಲಬುರಗಿಯ ಅಂಗೈಯಗಲದ ಹಲಗೆಗೂ ಈ ಫಲಕಕ್ಕೂ ತತ್ತ್ವ ಒಂದೇ. ಇವೆರಡನ್ನು ಬೇರ್ಪಡಿಸುವುದು ಘಟಕಗಳ ಸಂಖ್ಯೆ, ಹಲಗೆಯ ಗುಣಮಟ್ಟ ಮತ್ತು ಅಳೆಯುವ ಸಾಮರ್ಥ್ಯ.

ಎಲ್ಲ ಅಗತ್ಯಗಳಿಗೂ ಮುದ್ರಿತ ಆಂಟೆನಾ ಪರಿಹಾರವಲ್ಲ. 2008ರಲ್ಲಿ ಚಂದ್ರಯಾನ-1ರ ಸಂಕೇತಗಳನ್ನು ಸ್ವೀಕರಿಸಲು ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ 32 ಮೀಟರ್ ಮತ್ತು 18 ಮೀಟರ್ ವ್ಯಾಸದ ತಟ್ಟೆ ಆಂಟೆನಾಗಳನ್ನು ಸ್ಥಾಪಿಸಲಾಯಿತು. ಲಕ್ಷಾಂತರ ಕಿಲೋಮೀಟರ್ ದೂರದ ಕ್ಷೀಣ ಸಂಕೇತಕ್ಕೆ ವಿಸ್ತೀರ್ಣದ ಹೊರತು ಅನ್ಯ ಮಾರ್ಗವಿಲ್ಲ. ಇನ್ನೊಂದೆಡೆ, 2013ರಿಂದ ಉಡಾವಣೆಗೊಂಡ ನಾವಿಕ್ ಪಥದರ್ಶಕ ಉಪಗ್ರಹಗಳ ಗ್ರಾಹಕಗಳಿಗೆ ಬೇಕಾದುದು ಚಿಕ್ಕ ಆಂಟೆನಾವೇ. ಅವುಗಳ 1176.45 ಮೆಗಾಹರ್ಟ್ಸ್ ಸಂಕೇತಕ್ಕೆ ಗಾಳಿಯಲ್ಲಿ ಅರ್ಧ ತರಂಗದೂರ ಸುಮಾರು 127 ಮಿಲಿಮೀಟರ್. ಹೆಚ್ಚು ಡೈಎಲೆಕ್ಟ್ರಿಕ್ ಸ್ಥಿರಾಂಕದ ಪಿಂಗಾಣಿಯ ಮೇಲೆ ಮುದ್ರಿಸಿ ಅದನ್ನು ಹಲವು ಪಟ್ಟು ಕುಗ್ಗಿಸಲಾಗುತ್ತದೆ. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಐದನೆಯ ತಲೆಮಾರಿನ ದೂರವಾಣಿ ಸೇವೆಗೆ ಹಂಚಿಕೆಯಾದ 26 ಗಿಗಾಹರ್ಟ್ಸ್ ಪಟ್ಟಿಯಲ್ಲಿ ತರಂಗದೂರ ಕೇವಲ 11.5 ಮಿಲಿಮೀಟರ್. ಬೆರಳೆಣಿಕೆಯ ಸೆಂಟಿಮೀಟರುಗಳಲ್ಲಿ ಹತ್ತಾರು ಘಟಕಗಳ ಸರಣಿಯನ್ನು ಮುದ್ರಿಸುವುದು ಇಲ್ಲಿ ಸಾಧ್ಯ. ಸಾಂದ್ರತೆ ಮತ್ತು ಗಳಿಕೆಗಳ ವಿರೋಧ ಇಲ್ಲಿಯೂ ಅಳಿದಿಲ್ಲ. ತರಂಗದೂರವೇ ಕುಗ್ಗಿದ್ದರಿಂದ ಅದು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿದೆ, ಅಷ್ಟೆ.

ಈ ಸಂದರ್ಭದಲ್ಲಿ ಸೊಕ್ಕೆಯಂತಹ ಗ್ರಾಮದ ಸ್ಥಿತಿಯನ್ನು ಮತ್ತೆ ಪರಿಶೀಲಿಸಬಹುದು. ಬಾನುಲಿಯ ಕಾಲದಲ್ಲಿ ಗಾತ್ರದ ಹೊಣೆ ಪ್ರಸಾರ ಕೇಂದ್ರದ್ದಾಗಿತ್ತು. ದೂರದರ್ಶನದ ಕಾಲದಲ್ಲಿ ಅದು ಮನೆಯ ಮಾಳಿಗೆಗೆ ಬಂದಿತು. ದೂರವಾಣಿಯಲ್ಲಿ ಗ್ರಾಹಕನ ಆಂಟೆನಾ ಎಲ್ಲ ದಿಕ್ಕುಗಳನ್ನೂ ಆಲಿಸಬೇಕಾಗಿರುವುದರಿಂದ ಅದಕ್ಕೆ ಹೆಚ್ಚಿನ ಗಳಿಕೆ ಇರಲಾಗದು. ಕೊರತೆಯನ್ನು ಗೋಪುರದ ಆಂಟೆನಾವೇ ತುಂಬಬೇಕು. ಮನೆಗಳು ವಿರಳವಾಗಿ ಹರಡಿರುವ ಒಣಭೂಮಿಯ ಸೀಮೆಗಳಲ್ಲಿ ಗೋಪುರಗಳ ನಡುವಿನ ಅಂತರ ಹೆಚ್ಚಾದಷ್ಟೂ ಈ ಭಾರ ಹೆಚ್ಚುತ್ತದೆ. ಮಾಳಿಗೆಗೋ ಗೋಡೆಗೋ ತಗುಲಿಸಬಹುದಾದ, ಒಂದೇ ದಿಕ್ಕಿಗೆ ಮುಖಮಾಡಿದ ಅಗ್ಗದ ಮುದ್ರಿತ ಫಲಕವು ಇಂತಹ ಕಡೆಗಳಲ್ಲಿ ಸಾರ್ಥಕವಾಗಬಲ್ಲ ಸಾಧನ. ಹೆಚ್ಚು ಗಳಿಕೆಯ ಚಿಕ್ಕ ಆಂಟೆನಾ ಎಂಬುದು ಪ್ರಬಂಧಗಳ ವಿಷಯವಾಗಿಯಷ್ಟೇ ಉಳಿಯಬೇಕಾಗಿಲ್ಲ.

ಆಕರಗಳ ಸಂರಕ್ಷಣೆ

ಈ ಚರಿತ್ರೆಯ ಆಕರಗಳು ಶಾಸನಗಳಂತೆ ಕಲ್ಲಿನಲ್ಲಿ ಉಳಿದಿಲ್ಲ. ಸಂಶೋಧಕರು ಕರಗಿಸಿ ಕೊರೆದ ತಾಮ್ರದ ಹಲಗೆಗಳು, ಮಾಪನದ ದಿನಚರಿಗಳು, ತಂತ್ರಾಂಶದ ಕಡತಗಳು ಇದರ ಮೂಲ ದಾಖಲೆಗಳು. ಪ್ರಕಟಿತ ಲೇಖನದಲ್ಲಿ ಯಶಸ್ವಿಯಾದ ವಿನ್ಯಾಸ ಮಾತ್ರ ದಾಖಲಾಗುತ್ತದೆ. ಅದಕ್ಕೆ ಮೊದಲು ವಿಫಲವಾದ ಹಲಗೆಗಳು ಲೇಖನದಲ್ಲಿ ಇರುವುದಿಲ್ಲ. ತಾಮ್ರ ಕಾಲಕ್ರಮೇಣ ಕಪ್ಪಾಗುತ್ತದೆ, ತಂತ್ರಾಂಶದ ಹಳೆಯ ಕಡತಗಳು ಹೊಸ ಗಣಕಗಳಲ್ಲಿ ತೆರೆಯುವುದಿಲ್ಲ. ವೇವ್‌ಗೈಡ್ ಯುಗದ ಹಿತ್ತಾಳೆಯ ಉಪಕರಣಗಳು ಗುಜರಿಯ ಬೆಲೆಗೆ ವಿಲೇವಾರಿಯಾಗುವ ಅಪಾಯವೂ ಇದೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಪಿಎಚ್.ಡಿ. ಪ್ರಬಂಧಗಳ ಜೊತೆಗೆ ಆಯಾ ಪ್ರಬಂಧಕ್ಕೆ ಸಂಬಂಧಿಸಿದ ಮೂಲ ಹಲಗೆಗಳನ್ನೂ ಮಾಪನ ಪತ್ರಗಳನ್ನೂ ಸಂಗ್ರಹಿಸಿಡುವುದು ಕಷ್ಟದ ಕಾರ್ಯವೇನಲ್ಲ. ಅಂಗೈಯಗಲದ ಹಲಗೆ ಪುಸ್ತಕದ ಕಪಾಟಿನಲ್ಲಿಯೇ ಹಿಡಿಸುತ್ತದೆ.

ಉಪಸಂಹಾರ

ಒಟ್ಟಾರೆ ಹೇಳುವುದಾದರೆ, ಕರ್ನಾಟಕದ ಆಂಟೆನಾ ಸಂಶೋಧನೆಯು ಮೂರು ಘಟ್ಟಗಳಲ್ಲಿ ಬೆಳೆದು ಬಂದಿದೆ. ತಂತಿ ಮತ್ತು ಕಂಬಗಳ ಘಟ್ಟದಲ್ಲಿ ಆಂಟೆನಾ ಪ್ರಸಾರದ ಉಪಾಂಗವಾಗಿತ್ತು. ವೇವ್‌ಗೈಡ್ ಘಟ್ಟದಲ್ಲಿ ಅದು ಶಾಸ್ತ್ರವಾಗಿ, ಬೆಂಗಳೂರಿನ ಕೆಲವು ಸಂಸ್ಥೆಗಳಲ್ಲಿ ನೆಲೆ ಕಂಡಿತು. ರಾಜೇಶ್ವರಿ ಚಟರ್ಜಿಯವರಂತಹ ಅಧ್ಯಾಪಕರಿಂದ ಒಂದು ಶಿಷ್ಯ ಪರಂಪರೆ ಬೆಳೆಯಿತು. ಮುದ್ರಿತ ಫಲಕದ ಘಟ್ಟದಲ್ಲಿ ತಯಾರಿಕೆಯ ವೆಚ್ಚ ಇಳಿದು, ಸಂಶೋಧನೆ ಜಿಲ್ಲಾ ಕೇಂದ್ರಗಳನ್ನು ತಲುಪಿತು. ನಾಲ್ಕನೆಯ ಘಟ್ಟವೊಂದು ಇನ್ನೂ ಪೂರ್ಣಗೊಂಡಿಲ್ಲ. ಅದು ಮಾಪನದ ವಿಕೇಂದ್ರೀಕರಣ. ಹಲವು ವಿಶ್ವವಿದ್ಯಾಲಯಗಳು ಹಂಚಿಕೊಂಡು ಬಳಸಬಹುದಾದ ಪ್ರಾದೇಶಿಕ ಮಾಪನ ಕೊಠಡಿಗಳು ದೊರೆತಲ್ಲಿ, ಗಣಕದ ಪರದೆಯ ಮೇಲೆ ಘೋಷಿತವಾಗುವ ಗಳಿಕೆಯನ್ನು ಬಯಲಿನ ಗಳಿಕೆಯೊಂದಿಗೆ ತಾಳೆ ನೋಡುವುದು ಸಾಧ್ಯವಾಗುತ್ತದೆ. ದಾವಣಗೆರೆಯಲ್ಲಿ 1951ರಿಂದಲೂ ಇಂಜಿನಿಯರಿಂಗ್ ಶಿಕ್ಷಣವಿದೆ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವೂ, 2017ರಲ್ಲಿ ಉದ್ಘಾಟನೆಗೊಂಡ ವೈಮಾನಿಕ ಪರೀಕ್ಷಾ ವಲಯವೂ ಇವೆ. ಮಧ್ಯ ಕರ್ನಾಟಕದ ವಿಶಾಲ ಬಯಲುಗಳು ಇಂತಹ ಮಾಪನ ಕಾರ್ಯಕ್ಕೆ ಅನುಕೂಲಕರವಾಗಿವೆ. ತಾಮ್ರದ ಹಲಗೆ ಬೆಂಗಳೂರಿನ ಆಚೆಗೆ ತೆರೆದ ಬಾಗಿಲನ್ನು ಮಾಪನದ ಸೌಲಭ್ಯವು ಪೂರ್ಣವಾಗಿ ತೆರೆಯಬೇಕಾಗಿದೆ.